ಬೆಕ್ಕಿನ ‘ನಾ’

“ಫ್ಯಾನ್ ಹಾಕಬೇಡ ಮಾರಾಯಾ, ದನಿಯೊಳಗೆ ಗಾಳಿ ಸೇರ್ತದೆ” ಎಂದ ಗುರುಪ್ರಸಾದ, ಕಿವಿಗೆ ಹೆಡ್‌ಫೋನ್ ಏರಿಸಿಕೊಳ್ಳುತ್ತ.

ಬಿಣಗಾದ ಅವನ ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಕಂಬಳಿ ಹೊದಿಸಿದ್ದರು. ಆದರೂ ಹೆದ್ದಾರಿಯ ಲಾರಿಗಳು ನಡುನಡುವೆ ತಮ್ಮ ಅಭಿಪ್ರಾಯ ಹೇಳುತ್ತಿದ್ದವು. ಮೂವರು ಗೆಳೆಯರು ಯೂಟ್ಯೂಬಿಗೆ ಮಾಡುವ ಕಾರ್ಟೂನ್ ಹಾಸ್ಯಮಾಲೆಯ ಹೊಸ ಕಂತು ಅದು. ಕೋರ್ಟಿನ ಹಳೇ ಸಿನೆಮಾಗಳ ಅಣಕ. ಒಣ ಬಂಗಡೆ ಮೀನು ಕದ್ದ ಆರೋಪದ ಮೇಲೆ ಒಂದು ಬೆಕ್ಕು. ಬಾಗಿಲು ಹಾಕಿಕೊಂಡು ಬೆವರುತ್ತ ತೀರ್ಪಿಗೆ ಕೂತ ಹನ್ನೆರಡು ಹಕ್ಕಿ ಪಂಚರು. ಬೆಕ್ಕಿಗೆ ದೀಪಾಲಿಯ ದನಿ. ಹಕ್ಕಿಗಳಿಗೆಲ್ಲ ಭರತನದು. ‘ಒಬ್ಬ ಪಂಚ ಉಸಿರು ಬಿಟ್ಟರೆ ಇಡೀ ಸಭೆಯೇ ಪಂಚರ್’ ಎಂದು ಬರೆದವನೂ ಅವನೇ.

ಭರತ ಕಾಗೆಯಾಗಿ ಗದರಿದ. “ಬಂಗಡೆ ತಿಂದದ್ದು ಯಾರು? ನೀ ತಿಂದ್ಯಾ?”

“ನಾ” ಎಂದಳು ದೀಪಾಲಿ, ಬೆಕ್ಕಾಗಿ.

“ಒಪ್ಕಂಡ್ತು, ಒಪ್ಕಂಡ್ತು” ಎನ್ನುತ್ತ ಕೊಕ್ಕರೆ, ಗೂಬೆ, ಹುಂಜ ಎಲ್ಲವೂ ಭರತನ ಗಂಟಲಿನಿಂದ ಸಾಲಾಗಿ ಹೊರಬಂದವು. ಕೊನೆಯ ಪಂಚ ಮಿಂಚುಳ್ಳಿ ಮಾತ್ರ ಒಪ್ಪಲಿಲ್ಲ. “ತಡೀರಿ. ಬೆಕ್ಕಿನ ಮನೆಮಾತು ಕೊಂಕಣಿ. ಕೊಂಕಣಿಯಲ್ಲಿ ‘ನಾ’ ಅಂದ್ರೆ ‘ಇಲ್ಲ’.”

ಗುರುಪ್ರಸಾದ ಕೈ ಎತ್ತಿದ. “ಲಾರಿ ಬಂತು. ಇನ್ನೊಂದ್ಸಲ.”

“ಬೇಗ ಮುಗಿಸ್ರೋ” ಎಂದಳು ದೀಪಾಲಿ. “ಐದರ ಬಸ್ಸಿಗೇ ಬಾ ಅಂದಿದ್ದಾಳೆ ಆಯಿ. ನಾಳೆ ಹಟ್ಟಿಕೇರಿಯವರು ನನ್ನ ನೋಡೂಕೆ ಬರ್ತಾರೆ.”

ಭರತ ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟ.

“ಹುಡುಗ ಎಂತ ಮಾಡ್ತಾನಂತೆ?” ಎಂದ, ಅವಳ ಅಪ್ಪ ಹರಿಶ್ಚಂದ್ರರ ಮೂಗುದನಿಯಲ್ಲಿ.

ಅವಳು ನಗಲಿಲ್ಲ. “ಮಳೆಗಾಲದಿಂದ ನೋಡ್ತಾ ಇದ್ದೇನೆ. ಎಂತದೋ ಹೇಳೂಕೆ ಬರ್ತಿ. ಒಂದಿನ ಕಾಗೆ, ಒಂದಿನ ಬಸ್ಸಿನ ಕಂಡಕ್ಟರ್, ಇವತ್ತು ನನ್ನ ಅಪ್ಪ. ಉತ್ತರ ಯಾರಿಗೆ ಕೊಡೂದು?”

ಗುರುಪ್ರಸಾದ ಪರದೆಯ ಮೇಲಿನ ಬೆಕ್ಕಿನ ಬಾಲವನ್ನೇ ದಿಟ್ಟಿಸಿದ. ಮೈಕ್ ಇನ್ನೂ ಚಾಲೂ ಇತ್ತು.

ಭರತ ಗಂಟಲು ಸರಿಮಾಡಿಕೊಂಡ. ಬಂದದ್ದು ತೆಳ್ಳಗಿನ, ನಡುವೆ ಒಡೆಯುವ ದನಿ. “ಅಂಕೋಲೆಯ ನಮ್ಮನೆಗೆ ಬರೂದು ಯಾರು? ಅಂದ್ರೆ... ನೀ ನನ್ನ ಮದ್ವೆ ಆಗ್ತ್ಯಾ?”

“ಇದು ಯಾರ ದನಿ?”

“ನಂದೇ. ಬಳಸದೇ ಸ್ವಲ್ಪ ತುಕ್ಕು ಹಿಡಿದದೆ.”

ದೀಪಾಲಿ ಮೈಕಿನತ್ತ ಬಾಗಿದಳು. “ನಾ.”

ಭರತ ಬೆವರು ಒರೆಸಿಕೊಂಡ. “ಯಾವ ಭಾಷೆ?”

“ನಿನ್ನ ಪಂಚರನ್ನ ಕೇಳು” ಎಂದು ಅವಳು ಫೋನು ಹಿಡಿದು ಹೊರಗೆ ಹೋದಳು.

ಗುರುಪ್ರಸಾದ ಎದ್ದು ಫ್ಯಾನ್ ಹಾಕಿದ. ಹಕ್ಕಿಗಳ ಮಾತು ಬರೆದ ಹಾಳೆಗಳು ನೆಲದ ತುಂಬ ಹಾರಿದವು. ಭರತ ಅವನ್ನು ಆಯುತ್ತಿದ್ದಂತೆ ಅಂಗಳದಿಂದ ಕೊಂಕಣಿ ತೇಲಿ ಬಂತು. ಹಟ್ಟಿಕೇರಿ ಎಂಬುದು ಕೇಳಿಸಿತು; ಆಮೇಲೆ ‘ನಾಕಾ ಆಯಿ, ನಾಕಾ’. ಬೇಡ ಎಂಬುದಕ್ಕೆ ಕೊಂಕಣಿಯಲ್ಲಿ ಅದೊಂದೇ ಮಾತು, ಅದರಲ್ಲಿ ಎರಡರ್ಥವಿಲ್ಲ.

ಕಂಬಳಿ ಸರಿಸಿ ನೋಡಿದ. ಹೆದ್ದಾರಿಯಲ್ಲಿ ಐದರ ಬಸ್ಸು ನಿಂತು, ಕಾದು, ಹೊರಟಿತು. ಅಂಗಳದಲ್ಲಿ ದೀಪಾಲಿ ಭರತನ ಬೈಕಿನ ಹಿಂದಿನ ಸೀಟಿನ ಧೂಳನ್ನು ದುಪಟ್ಟಾದ ತುದಿಯಿಂದ ಒರೆಸುತ್ತಿದ್ದಳು.