ಸಪ್ಪೆ ರೋಗ ತಗುಲಿದ ಯಜಮಾನ

ಮೇಲೂರಿನ ರೇಷ್ಮೆ ಬೆಳೆಗಾರ ಕೋನಪ್ಪನ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇರುವುದು ಎಂಡೋಸ್ಕೋಪಿಯಲ್ಲಿ ಖಚಿತವಾಯಿತು. ಅದು ಬಿಡುವ ವಿಷ ಜಠರದ ಒಳಪದರದ ಜೀವಕೋಶಗಳನ್ನು ಹೊಕ್ಕು, ಆಮ್ಲ ಹೊರಹಾಕುವ ಕಿಣ್ವದ ಕೆಲಸವನ್ನು ತಗ್ಗಿಸುತ್ತದೆ ಎಂದು ಚಿಕ್ಕಬಳ್ಳಾಪುರದ ಡಾಕ್ಟರ್ ಕಲ್ಯಾಣಿ ಚಿತ್ರ ಬರೆದು ವಿವರಿಸಿದರು.

ಕೋನಪ್ಪ ಚಿತ್ರ ನೋಡಿ ಬೆವರಿದ. ಅವನಿಗೆ ಇದು ಗೊತ್ತಿದ್ದ ಕಾಯಿಲೆ. ರೇಷ್ಮೆಹುಳುವಿನ ಕರುಳಿನಲ್ಲಿ ಬ್ಯಾಕ್ಟೀರಿಯಾ ಬೆಳೆದು, ತಿಂದ ಸೊಪ್ಪು ಅರಗದೆ, ಹುಳು ಮೆತ್ತಗಾಗಿ ಸಾಯುವುದಕ್ಕೆ ಸಪ್ಪೆ ರೋಗ ಎನ್ನುತ್ತಾರೆ.

"ಹುಳಕ್ಕೆ ಅಂಟುತ್ತಾ ಮೇಡಮ್?"

ಇದು ಬೇರೆ ಬ್ಯಾಕ್ಟೀರಿಯಾ, ಹುಳಕ್ಕೆ ಅಂಟುವುದಿಲ್ಲ ಎಂದು ಡಾಕ್ಟರ್ ಎರಡು ಸಲ ಹೇಳಿದರು. ಕೋನಪ್ಪ ನಂಬಲಿಲ್ಲ. ಮನೆಯಲ್ಲಿ ಹುಳುಗಳು ಕೊನೆಯ ಪೊರೆ ಕಳಚಿ, ಗೂಡು ಕಟ್ಟುವ ಮೊದಲಿನ ಹಸಿವಿನಲ್ಲಿ ಸೊಪ್ಪು ಮುಕ್ಕುತ್ತಿದ್ದವು. ತನ್ನ ಕೈ ಬೀಳದಿದ್ದರೆ ಬೆಳೆ ಆಗುವುದಿಲ್ಲವೆಂದು ಅವನು ನಂಬಿದ್ದ. ಈಗ ಆ ಕೈಯೇ ರೋಗದ ಕೈ.

ರೋಗ ಕಂಡ ಹುಳುವನ್ನು ಕೂಡಲೇ ಬೇರೆ ಮಾಡಬೇಕೆಂಬುದು ಆ ಮನೆಯಲ್ಲಿ ಅವನೇ ಜಾರಿಗೆ ತಂದ ನಿಯಮ. ಆದ್ದರಿಂದ ತನ್ನನ್ನು ಬೇರೆ ಮಾಡಿಕೊಂಡ. ಹುಳುಮನೆಯ ಕಿಟಕಿಯಾಚೆ ಕುರ್ಚಿ ಹಾಕಿ, ಬಾಯಿಗೆ ಟವೆಲ್ ಸುತ್ತಿ, ಒಳಗಿದ್ದ ಹೆಂಡತಿ ಮುನಿಗಂಗಮ್ಮನಿಗೆ ಸೂಚನೆ ಕೊಡತೊಡಗಿದ. ಅವಳು ಕುರ್ಚಿಯ ಸುತ್ತ ಸುಣ್ಣ ಎರಚಿದಳು. ಅವನ ತಟ್ಟೆ ಲೋಟ ಬ್ಲೀಚಿಂಗ್ ನೀರು ಕಂಡವು. ಸೂಚನೆ ಹೆಚ್ಚಾದಾಗ ಅವಳು ಕಿಟಕಿ ಮುಚ್ಚಿದಳು.

"ಉಸಿರು ಒಳಗೆ ಬರ್ತದೆ, ಮಾತಾಡ್ಬೇಡಿ."

ಹುಳು ಹಣ್ಣಾಗಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಿದವು. ಒಂದೂ ಸಪ್ಪೆ ಬೀಳಲಿಲ್ಲ. ಗೂಡು ಗಟ್ಟಿಯಾಗಿ, ಬೆಳ್ಳಗೆ ಬಂತು. ಪಕ್ಕದ ಮನೆಯ ವೆಂಕಟರವಣಪ್ಪ ಒಂದನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿದ.

"ಇಂಥ ಗೂಡು ನಿನಗೆ ಯಾವತ್ತೂ ಆಗಿಲ್ವಲ್ಲೋ. ಏನ್ ಮಾಡ್ದೆ?"

"ಹೊರಗಿದ್ದೆ," ಎಂದ ಕೋನಪ್ಪ.

ಡಾಕ್ಟರ್ ಕೊಟ್ಟ ಮಾತ್ರೆಗಳು ಮುಗಿದವು. ಮರುಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಕಾಣಲಿಲ್ಲ. ಅಷ್ಟರಲ್ಲಿ ಹೊಸ ಮರಿಹುಳು ಮನೆಗೆ ಬಂದಿತ್ತು. ಕೋನಪ್ಪ ಕೈಕಾಲು ತೊಳೆದು, ವರದಿ ಹಿಡಿದು ಹುಳುಮನೆಯ ಬಾಗಿಲಿಗೆ ಹೋದ. ಮುನಿಗಂಗಮ್ಮ ಸೊಪ್ಪಿನ ಬುಟ್ಟಿಯೊಂದಿಗೆ ಹೊಸ್ತಿಲಲ್ಲೇ ನಿಂತಳು. ವರದಿಯನ್ನು ಅವಳು ಮುಟ್ಟಲಿಲ್ಲ.

"ಸಪ್ಪೆ ರೋಗ ಬಂದ ಹುಳಾನ ವಾಸಿ ಆಯ್ತು ಅಂತ ಯಾವತ್ತಾದ್ರೂ ಮಿಕ್ಕ ಹುಳದ ಜೊತೆ ತಟ್ಟೆಗೆ ವಾಪಸ್ ಬಿಟ್ಟಿದ್ದೀರಾ?"

ಕೋನಪ್ಪ ಪ್ರಾಮಾಣಿಕವಾಗಿ ಯೋಚಿಸಿದ. ಬಿಟ್ಟಿರಲಿಲ್ಲ.

"ಸರಿ ಬಿಡು," ಎಂದು ಕುರ್ಚಿಗೆ ಹಿಂತಿರುಗಿ, ಟವೆಲ್ ಸುತ್ತಿಕೊಂಡ.