ಹೆಸರು ಮತ್ತು ಮನೆ ನಂಬರು

ಮಲೇಷ್ಯಾದ ಪೆನಾಂಗ್ ಬಂದರಿನ ಹಿಂದಿನ ಓಣಿಯಲ್ಲಿ, ಚೀನೀ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಗೈಕ್ ಚೂ ದೀಪದ ಬಟ್ಟಲುಗಳನ್ನು ಒರೆಸುತ್ತಿದ್ದಳು. ಬೈಬಲ್ ಹಿಡಿದು ಎದುರಿನ ಕಟ್ಟಡಕ್ಕೆ ಹೊರಟಿದ್ದ ತಂಗಿಯ ಮಗಳನ್ನು ಕಂಡು ಕರೆದಳು.

"ಏ ಹೂನ್, ಹೋದ ವಾರ ನಿಮ್ಮವರು ದೇವಸ್ಥಾನದ ಬಾಗಿಲ ಮುಂದೆ ನಿಂತು ನಮಗೋಸ್ಕರ ಬೇಡ್ಕೊಂಡ್ರಂತೆ?"

"ಹೌದು ದೊಡ್ಡಮ್ಮ."

"ಏನಂತ?"

ಹೂನ್ ಬೈಬಲನ್ನು ಇನ್ನೊಂದು ಕೈಗೆ ಬದಲಿಸಿದಳು. 'ಕತ್ತಲಲ್ಲಿರುವ ಆ ಜನರನ್ನು ಬಿಡಿಸು' ಎಂಬ ಮಾತನ್ನು, ಅಮ್ಮ ತೀರಿಕೊಂಡ ಮೇಲೆ ತನ್ನನ್ನು ಸಾಕಿದವಳ ಮುಖ ನೋಡಿಕೊಂಡು ಹೇಳುವುದು ಹೇಗೆ?

"ನನ್ನ ಹೆಸರು ಹೇಳಿದ್ಯಾ? ಮನೆ ನಂಬರು?"

ಊದುಬತ್ತಿ ಹಚ್ಚಿದವರು ಮೊದಲು ಹೆಸರು, ವಿಳಾಸ ಹೇಳಿ ಆಮೇಲೆ ಕೇಳಿಕೊಳ್ಳುವುದು ಇಲ್ಲಿಯ ಪದ್ಧತಿ. ಹೂನ್ ಕೂಡ ಚಿಕ್ಕಂದಿನಲ್ಲಿ ಹಾಗೇ ಬೇಡಿಕೊಂಡವಳು.

"ನಮ್ಮ ದೇವರಿಗೆ ವಿಳಾಸ ಬೇಕಾಗಿಲ್ಲ ದೊಡ್ಡಮ್ಮ. ಎಲ್ಲ ಗೊತ್ತಿರುತ್ತೆ."

"ಅವನಿಗೆ ಗೊತ್ತಿರಬಹುದು. ನಿಮಗೆ ಗೊತ್ತಿದ್ಯಾ ಅಂತ ಕೇಳ್ತಿರೋದು." ಗೈಕ್ ಚೂ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದಳು. "ಕೇಳೋದಾದ್ರೆ ನನ್ನ ಮಂಡಿಗೆ ಕೇಳು. ಮೆಟ್ಟಿಲು ಹತ್ತೋಕೆ ಆಗ್ತಿಲ್ಲ."

ಒಳಗಿನಿಂದ ಪೂಜೆ ಮಾಡುವ ಮುದುಕ ಟಿಯೋಂಗ್ ಕೆಮ್ಮುತ್ತ ಕೂಗಿದ: "ನನ್ನ ಕೆಮ್ಮಿಗೂ ಒಂದು ಮಾತು ಹಾಕಮ್ಮ. ಹೇಳಿ ಹೇಳಿ ಇಲ್ಲಿನ ದೇವ್ರಿಗೇ ಕೆಮ್ಮು ಹತ್ತಿರಬೇಕು."

ಎದುರಿನ ಕಟ್ಟಡದ ಮಹಡಿಯಲ್ಲಿ ದೇವಸ್ಥಾನದ ಊದುಬತ್ತಿಯ ಹೊಗೆ ಬಾರದಂತೆ ಕಿಟಕಿ ಮುಚ್ಚಿದ್ದರು. ಪ್ರಾರ್ಥನಾ ಕೂಟದ ಹಿರಿಯ ಕ್ಲೆಮೆಂಟ್ ಓಯ್ ಅಂದಿನ ಪ್ರಾರ್ಥನೆ ನಡೆಸಲು ಹೂನ್‌ಗೆ ಹೇಳಿದ. ಅವಳು ಎದ್ದು ಕಿಟಕಿ ತೆರೆದಳು.

"ಕರ್ತನೇ, ತಾನ್ ಗೈಕ್ ಚೂ. ಇದೇ ಓಣಿ, ಮನೆ ನಂಬರು ಇಪ್ಪತ್ತೇಳು. ಅವಳ ಮಂಡಿ ನೋವು ವಾಸಿಮಾಡು. ದೇವಸ್ಥಾನದ ಮೆಟ್ಟಿಲು ಹತ್ತೋಕೆ ಆಗಲಿ."

ಮುಚ್ಚಿದ್ದ ಕಣ್ಣುಗಳು ಒಂದೊಂದಾಗಿ ತೆರೆದವು.

"ಸಿಸ್ಟರ್, ಏನಿದು?" ಕ್ಲೆಮೆಂಟ್ ತಡೆದ. "ಆ ಮೆಟ್ಟಿಲಿಂದ ಅವರನ್ನ ಇಳಿಸು ಅಂತಲ್ವಾ ನಾವು ಬೇಡೋದು?"

"ಅವಳು ಕೇಳಿದ್ದು ಇದು."

"ನಮ್ಮಮ್ಮನೂ ಇವತ್ತಿಗೂ ಅಲ್ಲಿಗೇ ಹೋಗ್ತಾಳೆ. ಊದುಬತ್ತಿ ಹೊಗೆ ಅಂತ ಅವಳ ಮನೆಗೆ ಕಾಲಿಡೋದನ್ನೇ ಬಿಟ್ಟೆ ನಾನು. ನನಗೆ ಸಂಕಟ ಇಲ್ವಾ? ಸಂಕಟ ಇರೋದಕ್ಕೇ ಪ್ರಾರ್ಥನೆ ಮಾಡ್ತಿರೋದು."

"ಇಷ್ಟು ದಿನ ನಾನೂ ಹಾಗೇ ಅಂದ್ಕೊಂಡಿದ್ದೆ, ಬ್ರದರ್. ಆದ್ರೆ 'ಆ ಜನ' ಅಂತ ಯಾರೂ ಅಲ್ಲಿಲ್ಲ. ನನಗೆ ಗಂಜಿ ಕುಡಿಸಿದವಳಿದ್ದಾಳೆ."

"ಇದಕ್ಕೆ ನಾವು ಆಮೆನ್ ಅನ್ನಬೇಕಾ?"

"ಅನ್ನದಿದ್ರೆ ಬೇಡ. ನಾನೊಬ್ಬಳೇ ಅಂತೀನಿ."

"ಹಾಗಾದ್ರೆ ಮುಂದಿನ ವಾರದಿಂದ ಬರೋದು ಬೇಡ."

ಈ ಕೋಣೆ ಬಿಟ್ಟರೆ ಅವಳಿಗೆ ಬೇರೆ ಸಭೆಯಿರಲಿಲ್ಲ. ಮೊದಲ ಸಲ ಸಮಾಧಾನ ಸಿಕ್ಕಿದ್ದೂ ಇಲ್ಲಿಯೇ. ಅವಳು ಕಿಟಕಿಯ ಸರಳು ಹಿಡಿದುಕೊಂಡಳು.

"ಬರ್ತೀನಿ," ಎಂದಳು. "ನೀವು ಬಾಗಿಲು ಹಾಕ್ಕೊಂಡ್ರೆ ಹೊರಗೆ ಮೆಟ್ಟಿಲ ಮೇಲೆ ಕೂತು ಮಾಡ್ತೀನಿ." ಮತ್ತೆ ಕಣ್ಣು ಮುಚ್ಚಿದಳು. "ಕರ್ತನೇ, ಟಿಯೋಂಗ್. ದೇವಸ್ಥಾನದ ಹಿಂದಿನ ಕೋಣೆ. ಕೆಮ್ಮು."

ಕೆಳಗಿನಿಂದ ಅದೇ ಕೆಮ್ಮು ಕೇಳಿಬಂತು. ಯಾರೋ ನಕ್ಕರು, ಕೂಡಲೇ ತಡೆದುಕೊಂಡರು. ಹೊಗೆ ನಿಧಾನವಾಗಿ ಒಳಗೆ ಬಂದು ಕುರ್ಚಿಗಳ ನಡುವೆ ಹರಡಿತು. ಎದ್ದು ಕಿಟಕಿ ಮುಚ್ಚುವವರು ಯಾರೂ ಇರಲಿಲ್ಲ.

ಹಿಂದಿನ ಸಾಲಿನಿಂದ ಕ್ಲೆಮೆಂಟನ ಹೆಂಡತಿಯ ದನಿ ಬಂತು, ತಲೆ ತಗ್ಗಿಸಿಯೇ.

"ನಮ್ಮತ್ತೆ. ಚ್ಯಾ ಸ್ವೀ ಕಿಮ್. ಕಣ್ಣಿನ ಪೊರೆ."

"ಮನೆ ನಂಬರು?" ಹೂನ್ ಕಣ್ಣು ತೆರೆಯದೆ ಕೇಳಿದಳು.

ಹೆಂಡತಿಗೆ ಅದು ಗೊತ್ತಿತ್ತು; ಆದರೂ ತಲೆಯೆತ್ತಿ ಗಂಡನ ಕಡೆ ನೋಡಿದಳು.

"ನಲವತ್ತು," ಎಂದ ಕ್ಲೆಮೆಂಟ್. "ಮೀನು ಮಾರ್ಕೆಟ್ ಹಿಂದೆ. ನೀಲಿ ಬಾಗಿಲು."