ಕುಂದರಿಸಿದ್ದು ಯಾಕ?

ನಮ್ಮ ಕಡೆ ಹಾವು ಕಡಿದರೆ ಮೊದಲು ಮಂತ್ರ ಹಾಕುವವರ ಮನೆಗೆ ಓಡುವವರು ಇಂದಿಗೂ ಇದ್ದಾರೆ. ಬೀಡಿ ಊರಿನ ಗುರುಪುತ್ರಪ್ಪನಿಗೆ ಹೊಲದಲ್ಲಿ ಹಾವು ಕಡಿದಾಗ ಅವನ ಹೆಂಡತಿ ಗೌರವ್ವ ಆ ತಪ್ಪು ಮಾಡಲಿಲ್ಲ. ಖಾನಾಪುರದ ದವಾಖಾನೆಯಲ್ಲಿ ಇಂಜೆಕ್ಷನ್ ಕೊಡಿಸಿ, ಅಲ್ಲಿಂದ ಬೆಳಗಾವಿಗೆ ಕರೆತಂದಳು. ಅಷ್ಟರಲ್ಲಿ ಅವನ ಉಸಿರು ನಿಲ್ಲುತ್ತ ಬಂದಿತ್ತು. ಡಾಕ್ಟರರು ಗಂಟಲಿಗೆ ನಳಿಗೆ ಇಳಿಸಿ, ಉಸಿರಾಡಿಸುವ ಯಂತ್ರ ವೆಂಟಿಲೇಟರಿಗೆ ಹಚ್ಚಿದರು.

ನಾನು ಕಾಂತಾ, ಗೌರವ್ವನ ಬಾಜು ಮನೆಯವಳು. ಮರುದಿನ ನಮ್ಮಿಬ್ಬರನ್ನೂ ಐಸಿಯು ಒಳಗೆ ಬಿಟ್ಟರು. ಮಂಚದ ತಲೆಯ ಕಡೆ ಎತ್ತಿ, ಗುರುಪುತ್ರಪ್ಪನನ್ನು ಅರ್ಧ ಕೂತ ಹಾಗೆ ಒರಗಿಸಿದ್ದರು. ಅದನ್ನು ನೋಡಿದ್ದೇ ತಡ, ಗೌರವ್ವ ಸೀದಾ ಹೋಗಿ ಮಂಚದ ಹಿಡಿಕೆ ತಿರುವಿ ಇಳಿಸತೊಡಗಿದಳು.

"ಯವ್ವಾ, ಬಿಡ್ರಿ! ಇಳಸಬ್ಯಾಡ್ರಿ!" ಸಿಸ್ಟರ್ ರುಕ್ಸಾರ ಓಡಿ ಬಂದು ಅವಳ ಕೈ ಹಿಡಿದಳು.

"ಯಾಕ ಇಳಸಬಾರದು? ನಮ್ಮವರಾಗ ಹಿಂಗ ಕುಂದರಸೂದು ಯಾವಾಗ ಗೊತ್ತೈತೇನ ನಿನಗ? ಮಣ್ಣ ಕೊಡೂವಾಗ! ನನ್ನ ಗಂಡ ಇನ್ನೂ ಜೀವಂತ ಅದಾನ."

ಅವಳು ಹೇಳಿದ್ದು ಖರೆ. ಲಿಂಗವಂತರಲ್ಲಿ ತೀರಿಕೊಂಡವರನ್ನು ಕೂರಿಸಿಯೇ ಮಣ್ಣು ಮಾಡುತ್ತೇವೆ.

ರುಕ್ಸಾರ ಬೆಳಗಾವಿಯ ಅನಗೋಳದ ಹುಡುಗಿ. ಸಿಟ್ಟಾಗಲಿಲ್ಲ. ಮೊದಲು ಮಂಚ ಮತ್ತೆ ಮೇಲೆತ್ತಿದಳು. "ನಿಮ್ಮ ಸಂಕಟ ತಿಳೀತ್ರಿ ಯವ್ವಾ. ಆದ್ರ ಇವರಿಗೆ ಈಗ ಕೆಮ್ಮಾಕ ಆಗೂದಿಲ್ಲ, ಉಗುಳ ನುಂಗಾಕ ಆಗೂದಿಲ್ಲ. ಅಂಗಾತ ಮಲಗಿಸಿದ್ರ ಹೊಟ್ಟ್ಯಾಗಿಂದು ಮ್ಯಾಲ ಬರ್ತೈತಿ. ಬಾಯಾಗಿನ ಹೊಲಸು ಕೂಡಿ, ನಳಿಗಿ ಬಾಜುದಿಂದ ಉಸರಾಡೂ ಪುಪ್ಪುಸಕ್ಕ ಇಳೀತೈತಿ. ನ್ಯುಮೋನಿಯಾ ಆಗ್ತೈತಿ. ಹಾವಿನ ವಿಷಾ ಇಳದ್ರೂ ಅದು ಜೀವಾ ತಗೀಬಹುದು."

ಗೌರವ್ವ ಸೆರಗಿನೊಳಗಿಂದ ಸಣ್ಣ ಬಾಟಲಿ ತೆಗೆದಳು. "ಮಠದ ತೀರ್ಥ. ಎರಡ ಹನಿ ಬಾಯಾಗ ಹಾಕಲೇನ?"

"ಒಂದ ಹನಿನೂ ಬ್ಯಾಡ್ರಿ. ಬಾಯಿ ನಾವ ದಿನಾ ಸ್ವಚ್ಛ ಮಾಡ್ತೀವಿ. ನೀವು ಚಲೋತ್ನಂಗ ಕೈ ತೊಳಕೊಂಡು ಅವರ ಕೈ ಹಿಡೀರಿ. ಯಂತ್ರ ತಗೀಬಹುದೇನಂತ ಡಾಕ್ಟರು ದಿನಾ ನೋಡ್ತಾರ. ಲಗೂನ ತಗದಷ್ಟೂ ಚಲೋ."

ಗೌರವ್ವ ಬಾಟಲಿಯನ್ನು ಕಣ್ಣಿಗೊತ್ತಿಕೊಂಡು ಒಳಗಿಟ್ಟಳು. ಆಮೇಲೆ ದಿನವೂ ಕೈ ತೊಳೆದೇ ಒಳಗೆ ಹೋದಳು. ಆದರೂ ಅವನು ಹಾಗೆ ಕೂತದ್ದು ನೋಡಿದಾಗೆಲ್ಲ ಅಳು ತಡೆಯಲು ಅವಳಿಂದ ಆಗಲಿಲ್ಲ. ಪಾಪ, ಯಾರಿಂದ ಆದೀತು?

ನ್ಯುಮೋನಿಯಾ ಹತ್ತಿರ ಸುಳಿಯಲಿಲ್ಲ. ಕೊನೆಗೊಂದು ಮುಂಜಾನೆ ನಳಿಗೆ ತೆಗೆದರು. ಗುರುಪುತ್ರಪ್ಪನ ದನಿ ಒಡೆದಿತ್ತು.

"ನನ್ನ ಯಾಕ ಹಿಂಗ ಕುಂದರಿಸೀರಿ? ಹೋದ್ನಂತ ತಿಳದ್ರೇನ?"

"ಬದಕಲಿ ಅಂತ ಕುಂದರಿಸ್ಯಾರ," ಎಂದು ಗೌರವ್ವ ಅವನ ಕೈಗೆ ಹಣೆ ಹಚ್ಚಿ ಅತ್ತಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮವರು ವೆಂಟಿಲೇಟರಿನಲ್ಲಿದ್ದರೆ ಎತ್ತಿದ ಮಂಚವನ್ನು ನೀವಾಗಿ ಇಳಿಸಬೇಡಿ. ಇಳಿಸಬೇಕಾದರೆ ಡಾಕ್ಟರರೇ ಇಳಿಸುತ್ತಾರೆ. ಕೈ ತೊಳೆಯದೆ ಮುಟ್ಟಬೇಡಿ. ನೀರಾಗಲಿ, ತೀರ್ಥವಾಗಲಿ ಬಾಯಿಗೆ ಹಾಕಬೇಡಿ. ಬಾಯಿ ಸ್ವಚ್ಛ ಮಾಡಿದ್ದೀರಾ, ಯಂತ್ರ ಯಾವಾಗ ತೆಗೆಯುತ್ತೀರಿ ಎಂದು ದಿನವೂ ಕೇಳಿ, ನಾಚಬೇಡಿ. ನಿಮ್ಮವರನ್ನು ಅಲ್ಲಿ ಕೂರಿಸಿರುವುದು ಮನೆಗೆ ಕಳಿಸಲಿಕ್ಕೆ.